ಅರ್ಧಕ್ಕೆ ನಿಂತ ತುಳಸಿ ಕಟ್ಟೆ

ಕಳೆದ ಆಷಾಢದ ಒಂದು ಭಾನುವಾರ. ಧಾರವಾಡದಲ್ಲಿ ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ಮಗಳು ಓದಲು ಬೆಂಗಳೂರಿಗೆ ಹೋಗಿ ತಿಂಗಳಾಗಿತ್ತು, ಹೆಂಡತಿ ತವರಿಗೆ ಹೋಗಿದ್ದಳು, ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ನನಗೆ 49. ಹುಬ್ಬಳ್ಳಿಯ ಒಂದು ಕಚೇರಿಯಲ್ಲಿ ಲೆಕ್ಕ ಬರೆಯುತ್ತಾ 24 ವರ್ಷ ಕಳೆದಿದ್ದೇನೆ. ಆ ಕೆಲಸದ ಮೇಲೆ ನನಗೆ ಸಿಟ್ಟಿಲ್ಲ, ಮನೆ ನಡೆದಿದ್ದೇ ಅದರಿಂದ. ಆದರೆ ಮಗಳ ಟ್ಯೂಷನ್, ಪರೀಕ್ಷೆ, ಫೀಸು ಅಂತ ಓಡಾಡಿದ್ದವನಿಗೆ ಆ ತಿಂಗಳು ಸಂಜೆ ಮನೆಗೆ ಬಂದರೆ ಏನು ಮಾಡಬೇಕು ಅಂತಲೇ ತಿಳಿಯುತ್ತಿರಲಿಲ್ಲ. ಸುಮ್ನೆ ಟಿವಿ ಹಚ್ಚಿ ಕೂರುತ್ತಿದ್ದೆ.

ಅವತ್ತು ಅವ್ವ ಟ್ರಂಕಿನಿಂದ ಒಂದು ಸೀರೆ ತೆಗೆಸಿದಳು. ಕಪ್ಪು ಚಂದ್ರಕಾಳಿ, ಇಳಕಲ್‌ನದು, ಕೆಂಪು ಸೆರಗು. ಮೊಮ್ಮಗಳಿಗೆ ಅಂತ ಅದರ ಮೇಲೆ ಕಸೂತಿ ಶುರು ಮಾಡಿದ್ದಳು. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾದ ಮೇಲೆ ಒಂದು ತುಳಸಿ ಕಟ್ಟೆ ಅರ್ಧಕ್ಕೇ ನಿಂತಿತ್ತು.

“ತಮ್ಮಾ, ಸೂಜಿಗೆ ದಾರ ಪೋಣಿಸಿ ಕೊಡೋ” ಅಂದಳು. ಚಾಳೀಸು ಹಾಕಿಕೊಂಡು ಪೋಣಿಸಿ ಕೊಟ್ಟೆ. ಆಮೇಲೆ ಎಳೆ ಎಣಿಸಿ ಹೇಳು ಅಂದಳು. ಹೇಳಿದೆ. ಸ್ವಲ್ಪ ಹೊತ್ತಿಗೆ ಸೂಜಿಯನ್ನೇ ನನ್ನ ಕೈಗೆ ಕೊಟ್ಟು, “ನೀನ ಹಾಕು, ನಾ ಹೇಳತೀನಿ” ಅಂದಳು.

ಕಸೂತಿಗೆ ಬಟ್ಟೆ ಮೇಲೆ ಪೆನ್ಸಿಲ್ ಗೀಟು ಇರುವುದಿಲ್ಲ. ನೇಯ್ಗೆಯ ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕುತ್ತಾ ಹೋಗಿ, ತಿರುಗಿ ಬರುವಾಗ ಬಿಟ್ಟ ಜಾಗ ತುಂಬಿಕೊಂಡು, ಹೊರಟಲ್ಲಿಗೇ ಬಂದು ಮುಟ್ಟಬೇಕು. ಎಲ್ಲೂ ಗಂಟು ಹಾಕುವಂತಿಲ್ಲ. ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣಬೇಕು. ಕಪ್ಪು ಬಟ್ಟೆಯಲ್ಲಿ ಎಳೆ ಎಣಿಸುವುದು ಇನ್ನೂ ಕಷ್ಟ. ಮೋಡ ಕವಿದಿದ್ದರಿಂದ ಕಿಟಕಿಗೆ ಅಂಟಿಕೊಂಡೇ ಕೂತಿದ್ದೆ.

ಚಿಕ್ಕವನಿದ್ದಾಗ ಅವ್ವನ ಪಕ್ಕ ಕೂತು ಎಳೆ ಎಣಿಸಿ ಕೊಡುತ್ತಿದ್ದೆ. ಓಣಿಯ ಹುಡುಗರು ಇದು ಹುಡುಗ್ಯಾರ ಕೆಲಸ ಅಂತ ಆಡಿಕೊಂಡ ಮೇಲೆ ಬಿಟ್ಟುಬಿಟ್ಟೆ. ಅದನ್ನು ಇಷ್ಟು ವರ್ಷ ಮರೆತೇ ಹೋಗಿದ್ದೆ. ಗಂಡಸರು ಸೂಜಿ ಹಿಡಿಯಬಾರದು ಅಂತ ಎಲ್ಲಿ ಬರೆದಿದೆ, ಅಂಗಡಿಯಲ್ಲಿ ಮಿಷನ್ ಮುಂದೆ ಕೂರುವವರು ಗಂಡಸರೇ ಅಲ್ವಾ?

ಮಧ್ಯಾಹ್ನದ ಹೊತ್ತಿಗೆ ಕಟ್ಟೆಯ ಮೆಟ್ಟಿಲು ಮುಗಿದು, ತಿರುಗಿ ಬರುತ್ತಿದ್ದೆ. ಕೊನೆಗೆ ಬಂದಾಗ ಗೆರೆ ಕೂಡಲಿಲ್ಲ. ಒಂದೇ ಒಂದು ಎಳೆ ಆಚೆ ನಿಂತಿತ್ತು. ಎಲ್ಲೋ ನಾಲ್ಕರ ಬದಲು ಐದು ಎಣಿಸಿದ್ದೆ. ಇಷ್ಟಕ್ಕೆ ಏನಾಗುತ್ತೆ, ಹೀಗೇ ಎಳೆದು ಸೇರಿಸಿಬಿಡಲಾ ಅಂತ ಅವ್ವನನ್ನು ಕೇಳಿದೆ.

“ಬಿಚ್ಚು” ಅಂದಳು. ಅಷ್ಟೇ.

ಎರಡು ಗಂಟೆಯ ಕೆಲಸ ಬಿಚ್ಚಿದೆ. ಬೇಜಾರಾಗಬೇಕಿತ್ತು, ಆಗಲಿಲ್ಲ. ಊಟ ಮಾಡಿ ಮತ್ತೆ ಕೂತೆ. ಕರೆಂಟು ಹೋಗಿದ್ದು, ಮೊಬೈಲು ಎರಡು ಸಲ ಬಡಿದುಕೊಂಡಿದ್ದು ಒಂದೂ ಗೊತ್ತಾಗಲಿಲ್ಲ. ಸಂಜೆ ಐದಕ್ಕೆ ಗೆರೆ ಬಂದು ಕೂಡಿದಾಗ ನಿಜವಾಗಲೂ ಕಣ್ಣು ತುಂಬಿ ಬಂತು. ಮಗಳಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. “ಅಪ್ಪಾ, ನೀನಾ?” ಅಂತ ಮೂರು ಸಲ ಕೇಳಿದಳು.

ಈಗ ದಿನಾ ಬೆಳಗ್ಗೆ ಐದೂವರೆಗೆ ಎದ್ದು ಚಹಾ ಕುಡಿದು, ಹುಬ್ಬಳ್ಳಿಗೆ ಹೊರಡುವ ಮೊದಲು ಒಂದು ಗಂಟೆ ಹಾಕುತ್ತೇನೆ. ತುಳಸಿ ಕಟ್ಟೆಯ ಸಾಲು ಮುಗಿದು ಆನೆ ಅಂಬಾರಿ ಶುರುವಾಗಿದೆ. ಅದರ ಸೊಂಡಿಲು ಜಾಸ್ತಿ ಸತಾಯಿಸುತ್ತಿದೆ. ಅವ್ವನಿಗೆ 76. ಸೀರೆ ಮುಗಿಯುವವರೆಗೆ ಅವಳು ಪಕ್ಕದಲ್ಲಿರಬೇಕು ಅಂತ ಒಂದೇ ಆಸೆ. ಅವಳಿಗೆ ಎಳೆ ಕಾಣುವುದಿಲ್ಲ. ನಾನು ಹಾಕಿದ್ದನ್ನು ಇಸಿದುಕೊಂಡು, ಬಟ್ಟೆ ಮಗುಚಿ, ಹಿಂಬದಿಯಲ್ಲಿ ಹೆಬ್ಬೆರಳು ಆಡಿಸುತ್ತಾ ಹೋಗುತ್ತಾಳೆ, ಎಲ್ಲಾದರೂ ಗಂಟು ಹಾಕಿದ್ದೇನಾ ಅಂತ.