ಕರಿ ಅಕ್ಷರಕ್ಕೆ ಒಂದೇ ಪ್ಲೇಟ್

ಕಂಪ್ಯೂಟರ್ ಪರದೆ ಮೇಲೆ ಕರಿ ಅಂದರೆ ಕರಿ, ಅಷ್ಟೇ. ಪ್ರೆಸ್ಸಿನಲ್ಲಿ ಹಾಗಲ್ಲ. ಅಲ್ಲಿ ಸಯಾನ್, ಮೆಜೆಂಟಾ, ಹಳದಿ, ಕರಿ ಅಂತ ನಾಲ್ಕು ಇಂಕು, ನಾಲ್ಕಕ್ಕೂ ಬೇರೆ ಬೇರೆ ಪ್ಲೇಟು, ಅಂದರೆ ಅಚ್ಚಿನ ತಗಡು. ಬರೀ ಕರಿ ಪ್ಲೇಟಿನಿಂದ ಬರುವ ಅಕ್ಷರವೂ ಕರಿ, ನಾಲ್ಕು ಇಂಕು ಒಂದರ ಮೇಲೊಂದು ಬಿದ್ದು ಆಗುವ ಅಕ್ಷರವೂ ಕರಿ. ನೋಡೋಕೆ ಎರಡೂ ಒಂದೇ ಥರ. ಆದರೆ ಪುಸ್ತಕ ಚೆನ್ನಾಗಿ ಬರುತ್ತೋ ಇಲ್ಲವೋ ಅನ್ನೋದು ಬಹಳ ಸಲ ಇಲ್ಲೇ ನಿರ್ಧಾರ ಆಗುತ್ತದೆ.

ರೋಣದ ಕಡೆಯ ಒಂದು ಹಳ್ಳಿ ಶಾಲೆಗೆ ನೂರು ವರ್ಷ ತುಂಬಿತ್ತು. ಊರವರು ಸೇರಿ ಸ್ಮರಣ ಸಂಚಿಕೆ ಮಾಡಿದ್ದರು. ಎ4 ಅಳತೆ, ಎಲ್ಲ ಪುಟವೂ ಬಣ್ಣದ್ದು, ನಡುವೆ ಪಿನ್. ಲೇಖನಗಳ ಕರಡು ತಿದ್ದಿಕೊಟ್ಟವನು ನಾನು. ಪುಟ ಕಟ್ಟಿದ್ದು ಅದೇ ಶಾಲೆಯಲ್ಲಿ ಓದಿ ಈಗ ಡಿಗ್ರಿ ಮಾಡುತ್ತಿರುವ ಹುಡುಗ, ಬ್ರೌಸರಿನಲ್ಲೇ ತೆರೆದುಕೊಳ್ಳುವ ಒಂದು ಚಂದಾ ಡಿಸೈನ್ ಸಾಫ್ಟ್‌ವೇರಿನಲ್ಲಿ. ಅವನ ಕಣ್ಣು ಚೆನ್ನಾಗಿದೆ. ಶೀರ್ಷಿಕೆಗೆ ಕೆಮ್ಮಣ್ಣಿನ ಬಣ್ಣ, ಅಂಚಿನಲ್ಲಿ ಜೋಳದ ತೆನೆ, ಹಳೇ ಮೇಷ್ಟ್ರುಗಳ ಫೋಟೊಗಳಿಗೆ ತೆಳುವಾದ ಚೌಕಟ್ಟು. ನನಗೆ ನಿಜಕ್ಕೂ ಇಷ್ಟ ಆಗಿತ್ತು. ಅಚ್ಚಿಗೆ ಕೊಡೋಕೆ ಇಬ್ಬರೂ ಗದಗಕ್ಕೆ ಹೋದೆವು. ಗದಗಕ್ಕೆ ಮುದ್ರಣ ಕಾಶಿ ಅಂತಲೇ ಹೆಸರಿದೆ. ಅಲ್ಲಿನ ಗಲ್ಲಿಗಳಲ್ಲಿ ಇಂಕು ಮತ್ತು ಕಾಗದದ ವಾಸನೆ ಹಿಡಿದೇ ಪ್ರೆಸ್ಸಿಗೆ ಹೋಗಿ ಸೇರಬಹುದು.

ಆಪರೇಟರ್ ಐವತ್ತು ದಾಟಿದವರು. ಮೊಳೆ ಜೋಡಿಸಿ ಕಲಿತು, ಆಮೇಲೆ ಪುಟ ಕಟ್ಟುವ ಪೇಜ್‌ಮೇಕರ್ ಸಾಫ್ಟ್‌ವೇರಿಗೆ ಬಂದವರು. ಪಿಡಿಎಫ್ ತೆರೆದು ಬಣ್ಣಗಳನ್ನು ಬೇರ್ಪಡಿಸಿ ತೋರಿಸುವ ಕಿಟಕಿಗೆ ಹೋದರು. ಕರಿ ಪ್ಲೇಟ್ ಆಫ್ ಮಾಡಿದರು. ಅಕ್ಷರಗಳೆಲ್ಲ ಮಾಯ ಆಗಬೇಕಿತ್ತು. ಆಗಲಿಲ್ಲ. ಪುಟದ ತುಂಬ ಕಂದು ಬಣ್ಣದ ಅಕ್ಷರಗಳು ಹಾಗೇ ನಿಂತಿದ್ದವು.

"ನೋಡ್ರಿ, ನಿಮ್ಮ ಅಕ್ಷರ ನಾಲ್ಕೂ ಪ್ಲೇಟಿನ್ಯಾಗ ಕುಂತಾವ" ಅಂದರು.

ಆಗೋದು ಹೀಗೆ. ಪರದೆಯ ಬಣ್ಣ ಆರ್‌ಜಿಬಿ, ಅಂದರೆ ಕೆಂಪು, ಹಸಿರು, ನೀಲಿ ಬೆಳಕು ಸೇರಿ ಆಗುವಂಥದ್ದು. ಅದರಲ್ಲಿ ಕರಿ ಅಂದರೆ ಮೂರೂ ಸೊನ್ನೆ. ಅದನ್ನು ಸುಮ್ನೆ ಸಿಎಂವೈಕೆಗೆ, ಅಂದರೆ ಪ್ರೆಸ್ಸಿನ ನಾಲ್ಕು ಇಂಕಿನ ಲೆಕ್ಕಕ್ಕೆ, ತಿರುಗಿಸಿದರೆ ಸಾಫ್ಟ್‌ವೇರು ನಾಲ್ಕೂ ಇಂಕನ್ನು ಸುರಿಯುತ್ತದೆ. ಹೀಗೆ ತಿರುಗಿಸೋಕೆ ತುಂಬ ಕಡೆ ಬಳಸುವ ಅಮೆರಿಕದ ಸ್ವಾಪ್ ಅನ್ನೋ ಬಣ್ಣದ ಪ್ರೊಫೈಲಿನಲ್ಲಿ ಅದು ಸಯಾನ್ 75, ಮೆಜೆಂಟಾ 68, ಹಳದಿ 67, ಕರಿ 90 ಆಗುತ್ತದೆ. ಕೂಡಿದರೆ 300 ಪರ್ಸೆಂಟ್ ಇಂಕು. ದೊಡ್ಡ ಕರಿ ಚೌಕಕ್ಕೆ ಅದು ನಡೆದೀತು. 11 ಪಾಯಿಂಟಿನ ಕನ್ನಡಕ್ಕೆ ಖಂಡಿತ ಬೇಡ.

ಯಾಕೆ ಬೇಡ ಅಂತ ಅವರು ಬಾಯಲ್ಲಿ ಹೇಳಲಿಲ್ಲ. ರದ್ದಿ ಹಾಳೆಗಳ ಗಂಟಿನಿಂದ ಯಾವುದೋ ಹಳೇ ಕರಪತ್ರ ಎಳೆದು, ಮೇಲೆ ಲೂಪ್ ಅನ್ನೋ ಪುಟ್ಟ ಭೂತಗನ್ನಡಿ ಇಟ್ಟು ನೋಡಿ ಅಂದರು. ನೋಡಿದೆ. 'ರಾಷ್ಟ್ರ' ಅನ್ನುವ ಪದ ಇತ್ತು. ಷ ಪರವಾಗಿಲ್ಲ, ಓದಬಹುದು. ಅದರ ಕೆಳಗಿನ ಟ ಒತ್ತು, ಅದಕ್ಕೆ ಅಂಟಿದ ರ ಒತ್ತು, ಎರಡೂ ಕಲಸಿಹೋಗಿದ್ದವು. ಒಂದು ಬದಿಗೆ ಗುಲಾಬಿ ಅಂಚು, ಇನ್ನೊಂದು ಬದಿಗೆ ನೀಲಿ ಅಂಚು. ಹಾಳೆ ಮಷಿನ್ನಿನಲ್ಲಿ ಕೂದಲೆಳೆಯಷ್ಟು ಜರುಗಿದರೂ ನಾಲ್ಕು ಪ್ಲೇಟಿನ ಅಕ್ಷರ ಹೀಗಾಗುತ್ತದೆ. ಇಂಗ್ಲಿಷಿಗೂ ಆಗುತ್ತದೆ, ಆದರೆ ಕನ್ನಡಕ್ಕೆ ಏಟು ಜಾಸ್ತಿ, ಯಾಕಂದ್ರೆ ನಮ್ಮ ಒತ್ತಕ್ಷರ ಮೂಲ ಅಕ್ಷರಕ್ಕಿಂತ ಚಿಕ್ಕದಾಗಿ ಕೆಳಗೆ ಕೂರುವಂಥದ್ದು, ಅದರ ಹೊಟ್ಟೆಯೊಳಗಿನ ಬಿಳಿ ಜಾಗ ಮೊದಲೇ ಕಡಿಮೆ. ಈ ಸಂಚಿಕೆಯನ್ನು ಮೊದಲು ಕೈಗೆ ತಗೊಳ್ಳೋರು ಎಪ್ಪತ್ತು ಎಂಬತ್ತು ವಯಸ್ಸಿನ ಹಳೇ ವಿದ್ಯಾರ್ಥಿಗಳು. ಅವರು ಕನ್ನಡಕ ಏರಿಸಿ ಇಳಿಸಿ ಒದ್ದಾಡುವ ಹಾಗೆ ಅಚ್ಚು ಹಾಕಿಸೋಕೆ ನನಗೆ ಮನಸ್ಸು ಬರಲಿಲ್ಲ.

ಇನ್ನೂ ಇತ್ತು. ಹಿನ್ನೆಲೆ ಬಣ್ಣ ಪುಟದ ಅಂಚಿಗೇ ನಿಂತಿತ್ತು, ಕತ್ತರಿಸೋಕೆ ಬೇಕಾದ 3 ಮಿಲಿಮೀಟರ್ ಬ್ಲೀಡ್, ಅಂದರೆ ಅಂಚಿನಾಚೆಗೂ ಚಾಚುವ ಬಣ್ಣ, ಬಿಟ್ಟಿರಲಿಲ್ಲ. ಪುಟ ಒಟ್ಟು 62, ನಡುವೆ ಪಿನ್ ಹೊಡೆಯೋದಾದರೆ ನಾಲ್ಕರಿಂದ ಭಾಗ ಆಗಬೇಕು. ಫೋಟೊಗಳು ವಾಟ್ಸ್‌ಆ್ಯಪಿನಲ್ಲಿ ಓಡಾಡಿ ಉದ್ದದ ಬದಿ 1600 ಪಿಕ್ಸೆಲ್ ಆಸುಪಾಸಿಗೆ ಇಳಿದಿದ್ದವು. ಇಂಚಿಗೆ 300 ಚುಕ್ಕಿ (300 ಡಿಪಿಐ) ಲೆಕ್ಕದಲ್ಲಿ ಅದು ಐದೂ ಕಾಲು ಇಂಚಿಗೆ ಸಾಕು, ಪೂರ್ತಿ ಎ4 ಪುಟಕ್ಕೆ ಸಾಲದು. ಹುಡುಗ ಅಲ್ಲಿಂದಲೇ ಊರಿಗೆ ಫೋನ್ ಮಾಡಿ, ದೊಡ್ಡ ಫೋಟೊಗಳನ್ನು ಮತ್ತೆ ಡಾಕ್ಯುಮೆಂಟ್ ಅಂತ ಕಳಿಸಿ ಅಂದ. ಬಂದವು.

ಅಕ್ಷರ ಸರಿಮಾಡೋಣ ಅಂತ ಹುಡುಗ ತನ್ನ ಅಕೌಂಟ್ ತೆರೆದರೆ ಉಚಿತ ಟ್ರಯಲ್ ಅಂದೇ ಮುಗಿದಿತ್ತು. ಸಿಎಂವೈಕೆಯಲ್ಲಿ ಇಳಿಸಿಕೊಳ್ಳೋಕೆ ದುಡ್ಡು ಕಟ್ಟಬೇಕು. ಕಟ್ಟಬಹುದಿತ್ತು, ಆದರೆ ಕಟ್ಟಿದರೂ ಕರಿಯನ್ನು ಒಂದೇ ಪ್ಲೇಟಿಗೆ ಕೂರಿಸುವ ದಾರಿ ಅದರಲ್ಲಿ ನಮಗೆ ಕಾಣಲಿಲ್ಲ. ಪ್ರೆಸ್ಸಿನಲ್ಲೇ ತಿರುಗಿಸಿಕೊಡಿ ಅಂತ ಕೇಳಿದೆ. "ಅದಕ್ಕ ಬೇರೆ ಸಾಫ್ಟ್‌ವೇರ್ ಬೇಕ್ರಿ, ವರ್ಷಾ ಬಾಡಿಗಿ ಕಟ್ಟಬೇಕು, ನಾವು ಇನ್ನೂ ಹಳೇದರಾಗ ಅದೇವಿ" ಅಂದರು. ಅವರನ್ನು ದೂರೋಕಾಗಲ್ಲ. ಸಣ್ಣ ಊರುಗಳ ಎಷ್ಟೋ ಪ್ರೆಸ್ಸುಗಳು ಇವತ್ತಿಗೂ ಪೇಜ್‌ಮೇಕರ್ ಮತ್ತು ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲೇ ಇವೆ. ಒಮ್ಮೆ ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರು ಕಂಪ್ಯೂಟರ್ ಇರುವ ತನಕ ಅನ್ನ ಹಾಕುತ್ತದೆ. ಚಂದಾ ಅಂದರೆ ಬಾಡಿಗೆ ಮನೆ, ತಿಂಗಳು ತಪ್ಪಿದರೆ ಒಳಗಿರುವ ಸಾಮಾನೂ ನಮ್ಮ ಕೈಗೆ ಸಿಗಲ್ಲ.

ಪುಣ್ಯಕ್ಕೆ ಲೇಖನಗಳೆಲ್ಲ ನನ್ನ ಲ್ಯಾಪ್‌ಟಾಪಿನಲ್ಲಿ ಯೂನಿಕೋಡಿನಲ್ಲಿದ್ದವು. ಕೆಲವು ನುಡಿಯಲ್ಲಿ ಟೈಪ್ ಆಗಿ ಬಂದಿದ್ದವು, ಅವನ್ನು ಕನ್ವರ್ಟ್ ಮಾಡಿ, ಜಾಗ ತಪ್ಪಿದ ಅರ್ಕಾವತ್ತುಗಳನ್ನು ಹುಡುಕಿ ತಿದ್ದಿಟ್ಟಿದ್ದೆ. ಜೊತೆಗೆ ಸ್ಕ್ರೈಬಸ್ ಇತ್ತು. ಇದು ಪುಟ ಕಟ್ಟುವ ಮುಕ್ತ ಸಾಫ್ಟ್‌ವೇರು, ಚಂದಾ ಇಲ್ಲ. ಮೊದಲು ಇದರಲ್ಲಿ ಕನ್ನಡ ಬರೆದರೆ ಒತ್ತುಗಳು ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. ಒಮಾನ್ ದೇಶದ ತಂಡವೊಂದು ತಮ್ಮ ಅರಬ್ಬಿಗಾಗಿ ಇದರ ಅಕ್ಷರ ಜೋಡಣೆಯ ಕೆಲಸಕ್ಕೆ ಕೈಹಾಕಿತು. ಹಾರ್ಫ್‌ಬಝ್ ಅನ್ನುವ ಲೈಬ್ರರಿ ಒಳಗೆ ಬಂತು, ಅದರಿಂದ ನಮ್ಮ ಒತ್ತಕ್ಷರಗಳೂ ಸರಿಯಾದವು. 2024ರ ಜನವರಿಯಲ್ಲಿ ಬಂದ 1.6 ಆವೃತ್ತಿಯಲ್ಲಿ ಅದೆಲ್ಲ ಸ್ಥಿರವಾಗಿ ಸಿಗುತ್ತದೆ. ಎಲ್ಲಿಯದೋ ಊರಿನ ಜನ ತಮ್ಮ ಭಾಷೆಗೆ ಮಾಡಿಕೊಂಡ ಕೆಲಸ ರೋಣದ ಶಾಲೆಯ ಸಂಚಿಕೆಗೆ ಒದಗಿತು ಅಂದರೆ ನನಗೆ ಈಗಲೂ ಖುಷಿಯಾಗುತ್ತದೆ.

ಪ್ರೆಸ್ಸಿನಲ್ಲೇ ಕೂತೆವು. ಬ್ಲೀಡ್ ಕೊಟ್ಟು, ಎಲ್ಲ ಪುಟಕ್ಕೂ ಮಾದರಿಯಾಗುವ ಮಾಸ್ಟರ್ ಪುಟ ಮಾಡಿದೆ. ಅಕ್ಷರಕ್ಕೆ ನೋಟೊ ಸೆರಿಫ್ ಕನ್ನಡ, 11 ಪಾಯಿಂಟ್, ಸಾಲಿನಿಂದ ಸಾಲಿಗೆ 16. ಇಂಗ್ಲಿಷಿನ ಲೆಕ್ಕದಲ್ಲಿ 13 ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಪುಟ ಉಸಿರು ಕಟ್ಟಿದ ಹಾಗೆ ಕಾಣುತ್ತದೆ. ಅಕ್ಷರದ ಬಣ್ಣ ಸಯಾನ್ 0, ಮೆಜೆಂಟಾ 0, ಹಳದಿ 0, ಕರಿ 100. ಇದನ್ನು ಸ್ಟೈಲಿನಲ್ಲಿ ಒಮ್ಮೆ ಹೇಳಿಬಿಟ್ಟರೆ ಸಾಕು, ಸುರಿದ ಲೇಖನವೆಲ್ಲ ಅದನ್ನೇ ಪಾಲಿಸುತ್ತದೆ. ಹುಡುಗ ಪಕ್ಕದಲ್ಲಿ ಕೂತು ತನ್ನ ವಿನ್ಯಾಸವನ್ನು ಒಂದೊಂದೇ ಹೇಳುತ್ತಾ ಹೋದ, ಕೆಮ್ಮಣ್ಣಿನ ಬಣ್ಣ, ಜೋಳದ ತೆನೆ, ಚೌಕಟ್ಟು, ಯಾವುದೂ ಬಿಟ್ಟುಹೋಗಲಿಲ್ಲ. ಆಪರೇಟರ್ ಇನ್ನೊಂದು ಕಂಪ್ಯೂಟರಿನಲ್ಲಿ ಫೋಟೊಗಳ ಬಣ್ಣ ತಿದ್ದಿ ಕೊಡುತ್ತಿದ್ದರು. ಕವರ್ ಮಾತ್ರ ಚಂದಾ ಸಾಫ್ಟ್‌ವೇರಿನಲ್ಲೇ ಇರಲಿ ಅಂತ ಒಂದು ತಿಂಗಳ ದುಡ್ಡು ಕಟ್ಟಿ, ಅಂಚು ಬೆಳೆಸಿ ಸಿಎಂವೈಕೆಯಲ್ಲಿ ಇಳಿಸಿಕೊಂಡು, ಕೂಡಲೇ ಆಟೊಪೇ ರದ್ದು ಮಾಡಿಸಿದೆ. ಪರದೆ ಮೇಲೆ ಮಿಂಚುತ್ತಿದ್ದ ಹಸಿರು ಇಂಕಿನಲ್ಲಿ ಮಂಕಾಗುತ್ತದೆ, ಅದಕ್ಕೆ ಯಾರೂ ಏನೂ ಮಾಡೋಕಾಗಲ್ಲ. ಇಂಕಿನ ಬಣ್ಣಗಳ ಮಾದರಿ ಇರುವ ಶೇಡ್ ಕಾರ್ಡ್ ನೋಡಿ ಹತ್ತಿರದ್ದೊಂದು ಆರಿಸಿದೆವು.

64 ಆಗೋಕೆ ಎರಡು ಪುಟ ಉಳಿದವು. ಜಾಹೀರಾತು ಹಾಕೋಣ ಅಂತ ಮಾತು ಬಂತು. ಹುಡುಗ ಬೇಡ ಅಂದ. ಶಾಲೆಯಲ್ಲಿ ಗಂಟೆ ಹೊಡೆದವರು, ನೀರು ತಂದವರು, ಬಿಸಿಯೂಟ ಮಾಡಿದವರು, ಇವರ ಹೆಸರು ಎಲ್ಲೂ ಇಲ್ಲ ಅಂದ. ಮತ್ತೆ ಫೋನು. ಹೆಸರುಗಳು ಒಂದೊಂದಾಗಿ ಬಂದವು. ಟೈಪ್ ಮಾಡಿ ಕೂರಿಸಿದೆ.

ರಾತ್ರಿ ಪಿಡಿಎಫ್ ಮಾಡಿ, ಆಪರೇಟರ್ ಮತ್ತೆ ಕರಿ ಪ್ಲೇಟ್ ಆಫ್ ಮಾಡಿದರು. ಶೀರ್ಷಿಕೆ, ತೆನೆ, ಫೋಟೊ ಉಳಿದವು. ಓದುವ ಅಕ್ಷರ ಒಂದೂ ಉಳಿಯಲಿಲ್ಲ.

ಸಂಚಿಕೆ ಹಂಚಿ ಆದ ಮೇಲೆ ಪ್ರತಿ ಸಾಲದೆ ಮತ್ತೆ ಅಚ್ಚು ಹಾಕಿಸಬೇಕಾಯಿತು. ಅದೇ ಹೊತ್ತಿಗೆ ಒಂದು ಮನೆಯವರು ಬಂದು, ನಮ್ಮ ಅಜ್ಜಿ ಹೆಸರು ಗಂಗಮ್ಮ ಅಲ್ಲ ಗಂಗವ್ವ, ಹಾಗೇ ಹಾಕಿಸಿ ಅಂದರು. ಹುಡುಗನ ಚಂದಾ ಎಂದೋ ಮುಗಿದಿತ್ತು. ಅದರಿಂದ ಏನೂ ತೊಂದರೆ ಆಗಲಿಲ್ಲ. ಕವರಿನ ಪಿಡಿಎಫ್, ಒಳಪುಟದ ಕಡತ, ಫಾಂಟು, ಎಲ್ಲವನ್ನೂ ಪೆನ್‌ಡ್ರೈವಿನಲ್ಲಿ ಶಾಲೆಗೂ ಪ್ರೆಸ್ಸಿಗೂ ಕೊಟ್ಟಿದ್ದೆವು. ಹೆಸರು ತಿದ್ದಿ ಕಳಿಸಿದೆ. ಅಕ್ಷರ ಕರಿಯಲ್ಲಿ ಮಾತ್ರ ಇದ್ದದ್ದಕ್ಕೆ ಆ ಹೆಸರಿದ್ದ ಫಾರಮ್ಮಿನ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ, ಕರಿ ಪ್ಲೇಟ್ ಒಂದನ್ನು ಹೊಸದಾಗಿ ಮಾಡಿದರು, ಉಳಿದ ಮೂರು ಹಳೆಯವೇ ಮಷಿನ್ ಏರಿದವು.