ಬೀಸುವ ಪದಕ್ಕೆ ಬೀಗ ಬೇಕೆ? ಕ್ಯಾಸೆಟ್ ಕೆಲಸದ ಏಳನೆಯ ದಾಖಲೆ

ಕ್ಯಾಸೆಟ್‌ನಲ್ಲಿ ಉಳಿದ ಜನಪದ ಹಾಡನ್ನು ಬೇರೆಯವರು ಬದಲಾಯಿಸಿ ಹಂಚಲು ಬಿಡಬೇಕೆ, ಬೇಡವೆ? ಹದಿನಾಲ್ಕು ತಿಂಗಳಿಂದ ನನ್ನನ್ನು ಕಾಡುತ್ತಿದ್ದ ಈ ಪ್ರಶ್ನೆಗೆ ಕಳೆದ ಭಾನುವಾರ ಶಿರಾ ತಾಲ್ಲೂಕಿನ ಒಂದು ಹಳ್ಳಿಯ ಜಗಲಿಯ ಮೇಲೆ ಉತ್ತರ ಸಿಕ್ಕಿತು. ಉತ್ತರ ಕೊಟ್ಟವರು ವಕೀಲರಲ್ಲ, ಎಂಬತ್ತು ದಾಟಿದ ಒಬ್ಬ ಹಾಡುಗಾರ್ತಿ.

ನಮ್ಮ ತಂದೆಯವರು 1996ರಿಂದ 1999ರವರೆಗೆ ಶಿರಾ, ಮಧುಗಿರಿ, ಕೊರಟಗೆರೆ ತಾಲ್ಲೂಕುಗಳಲ್ಲಿ ತಿರುಗಿ ಧ್ವನಿ ತುಂಬಿಸಿಟ್ಟ 41 ಕ್ಯಾಸೆಟ್‌ಗಳಲ್ಲಿ 33 ಈಗ ಕಂಪ್ಯೂಟರಿಗೆ ಇಳಿದಿವೆ. ಹೆಡ್ ಒರೆಸುವುದು, ಹೆಡ್ಡಿನ ಓರೆ ಸರಿಪಡಿಸುವ ಅಜಿಮತ್ ತಿರುಪು ಹೊಂದಿಸುವುದು, 24 ಬಿಟ್‌ನಲ್ಲಿ ಫ್ಲ್ಯಾಕ್ (ಗುಣಮಟ್ಟ ಕಳೆಯದ ಧ್ವನಿ ಕಡತ) ಮಾಡಿಡುವುದು ಈ ಕೆಲಸ ಮಾಡುವವರಿಗೆಲ್ಲ ಗೊತ್ತಿರುವುದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ಕ್ಯಾಸೆಟ್ ಪ್ಲೇಯರಿನ ಬೆಲ್ಟಿನ ಸಂಗತಿಯನ್ನು ಮಾತ್ರ ಹೇಳದೆ ಇರಲಾರೆ. ಅಳತೆ ಬರೆದು, ಹಳೆಯ ಬೆಲ್ಟಿನ ಫೋಟೊ ಕಳುಹಿಸಿ, ಮುಂಗಡವಾಗಿ ಹಣ ಕೊಟ್ಟ ಮೇಲೂ ಅಂಗಡಿಯವರು ಎರಡು ಸಲ ತಪ್ಪು ಬೆಲ್ಟ್ ಕಳುಹಿಸಿದರು. ಆ ಸಡಿಲ ಬೆಲ್ಟಿನಲ್ಲಿ ಇಳಿಸಿದ ನಾಲ್ಕು ಕ್ಯಾಸೆಟ್‌ಗಳಲ್ಲಿ ಶ್ರುತಿ ಅಲುಗಾಡಿದ್ದರಿಂದ ನಾಲ್ಕನ್ನೂ ಮೊದಲಿಂದ ಮಾಡಬೇಕಾಯಿತು. ಕೇಳಿದ ಅಳತೆಯನ್ನೇ ಕೊಡುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಬೇಕು.

ಆದರೆ ನಿಜವಾದ ತೊಡಕು ಯಂತ್ರದಲ್ಲಿರಲಿಲ್ಲ. ಮೊದಲ ಹನ್ನೆರಡು ಕ್ಯಾಸೆಟ್‌ಗಳನ್ನು ಅಂತರ್ಜಾಲಕ್ಕೆ ಏರಿಸುವಾಗ, ಕೃತಿಯನ್ನು ಇತರರು ಹೇಗೆ ಬಳಸಬಹುದೆಂದು ಮೊದಲೇ ಹೇಳಿಬಿಡುವ ಕ್ರಿಯೇಟಿವ್ ಕಾಮನ್ಸ್‌ನ ಆರು ಲೈಸೆನ್ಸ್‌ಗಳ ಪೈಕಿ ಎಲ್ಲಕ್ಕಿಂತ ಬಿಗಿಯಾದ ಬಿವೈ-ಎನ್‌ಸಿ-ಎನ್‌ಡಿ 4.0ಯನ್ನು ನಾನು ಎಲ್ಲದಕ್ಕೂ ಅಂಟಿಸಿದ್ದೆ. ಹೆಸರು ಹೇಳಬೇಕು (ಬಿವೈ), ವ್ಯಾಪಾರಕ್ಕೆ ಬಳಸಬಾರದು (ಎನ್‌ಸಿ), ಬದಲಾಯಿಸಿ ಹಂಚಬಾರದು (ಎನ್‌ಡಿ) ಎಂಬ ಈ ಮೂರೂ ಷರತ್ತುಗಳು ಹಾಡಿದವರಿಗೆ ಸಲ್ಲಿಸುವ ಗೌರವವೆಂದೇ ನಾನು ಆಗ ಮನಃಪೂರ್ವಕವಾಗಿ ನಂಬಿದ್ದೆ.

ಆ ನಂಬಿಕೆ ಅಲುಗಾಡಿದ್ದು ಮಧುಗಿರಿಯ ಕಡೆಯ ಒಬ್ಬ ಶಾಲಾ ಶಿಕ್ಷಕಿಯ ಫೋನಿನಿಂದ. ರಾಗಿ ಬೀಸುವ ಪದವೊಂದನ್ನು ಎರಡು ನಿಮಿಷಕ್ಕೆ ಕತ್ತರಿಸಿ, ಬೀಸುವ ಕಲ್ಲು ತಿರುಗುವ ವಿಡಿಯೊಕ್ಕೆ ಹೊಂದಿಸಿ, ಕೆಳಗೆ ಸಾಲುಗಳನ್ನು ಬರೆದು ಬೇರೆ ಶಾಲೆಗಳಿಗೂ ಕಳುಹಿಸಬಹುದೇ ಎಂದು ಅವರು ಕೇಳಿದರು. ಧಾರಾಳವಾಗಿ ಎಂದು ಹೇಳಿ ಫೋನ್ ಇಟ್ಟ ಮೇಲೆ ಲೈಸೆನ್ಸಿನ ಪೂರ್ಣ ಪಠ್ಯವನ್ನು ಮೊದಲ ಬಾರಿಗೆ ಸಾಲು ಸಾಲಾಗಿ ಓದಿದೆ. ಧ್ವನಿಮುದ್ರಣವನ್ನು ಚಲಿಸುವ ಚಿತ್ರಕ್ಕೆ ಕಾಲಬದ್ಧವಾಗಿ ಹೊಂದಿಸಿದರೆ ಅದು ಯಾವಾಗಲೂ ರೂಪಾಂತರವೇ ಎಂದು ಅದರ ವ್ಯಾಖ್ಯೆಯಲ್ಲೇ ಇದೆ. ಎಂದರೆ ಎನ್‌ಡಿ ಹಾಕಿದ ಹಾಡಿನಿಂದ ಆಕೆ ಮನೆಯಲ್ಲಿ ಕುಳಿತು ವಿಡಿಯೊ ಮಾಡಿಕೊಳ್ಳಬಹುದಾದರೂ ಅದನ್ನು ಹಂಚುವಂತಿಲ್ಲ. ನಾನು ಬಾಯಲ್ಲಿ ಕೊಟ್ಟ ಒಪ್ಪಿಗೆ ಆಕೆಯೊಬ್ಬರಿಗೆ ಸಾಕಾದೀತು, ಆದರೆ ಆ ವಿಡಿಯೊ ತಲುಪುವ ನೂರು ಶಾಲೆಗಳವರು ನನಗೆ ಮತ್ತೆ ನೂರು ಫೋನ್ ಮಾಡಬೇಕಾದರೆ ಮುಕ್ತ ಲೈಸೆನ್ಸ್ ಎಂಬುದಕ್ಕೆ ಅರ್ಥವೇ ಉಳಿಯುವುದಿಲ್ಲ. ಇದಾದ ವಾರದಲ್ಲೇ ಕೆಲವು ಹಾಡುಗಳನ್ನು ಮುಕ್ತ ಕಡತಗಳ ಅಂತರ್ಜಾಲ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಸೇರಿಸಲು ಹೋಗಿ ಅಲ್ಲೂ ನಿಂತೆ. ವ್ಯಾಪಾರವನ್ನಾಗಲಿ ರೂಪಾಂತರವನ್ನಾಗಲಿ ತಡೆಯುವ ಲೈಸೆನ್ಸ್‌ಗಳನ್ನು ಅವರು ಸ್ವೀಕರಿಸುವುದಿಲ್ಲ.

ಇದನ್ನು ಸರಿಪಡಿಸುತ್ತೇನೆಂದು ಹೊರಟಾಗ ಅದಕ್ಕಿಂತ ದೊಡ್ಡ ತಪ್ಪು ಕಣ್ಣಿಗೆ ಬಿತ್ತು. ಲೈಸೆನ್ಸ್ ಕೊಡುವವನು ತನ್ನ ಬಳಿ ಇರುವ ಹಕ್ಕನ್ನಷ್ಟೇ ಕೊಡಬಲ್ಲ, ಹಾಗಾದರೆ ಈ ಕ್ಯಾಸೆಟ್‌ಗಳಲ್ಲಿ ನನ್ನದೇನಿದೆ? ಬೀಸುವ ಪದದ ತ್ರಿಪದಿಗೆ ಕಟ್ಟಿದವರು ಯಾರೆಂದಿಲ್ಲ, ಅದು ಎಲ್ಲರದು. ಹಾಡಿಕೆ ಹಾಗಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 38ನೆಯ ಕಲಮಿನ ಪ್ರಕಾರ ಹಾಡುಗಾರರಿಗೆ ಪ್ರದರ್ಶಕರ ಹಕ್ಕು ಐವತ್ತು ವರ್ಷ ಇರುವುದರಿಂದ, 1997ರಲ್ಲಿ ಹಾಡಿದ ಹಾಡಿನ ಮೇಲೆ ಹಾಡಿದವರ ಹಕ್ಕು 2047ರ ಕೊನೆಯವರೆಗೆ ಉಳಿಯುತ್ತದೆ. ಧ್ವನಿಮುದ್ರಣದ ಮಟ್ಟಿಗೆ ಅದನ್ನು ಮಾಡಿದವರೇ ಕರ್ತೃ. ತಂದೆಯವರು ಈಗ ಇಲ್ಲವಾದ್ದರಿಂದ ಆ ಹಕ್ಕು ತಾಯಿಗೆ, ಅಕ್ಕನಿಗೆ, ನನಗೆ ಒಟ್ಟಾಗಿ ಸೇರಿದೆ. ನಾನು ಅಕ್ಕನನ್ನೂ ಕೇಳದೆ, ಹಾಡಿದವರ ಮನೆಗೂ ಹೋಗದೆ ಹನ್ನೆರಡು ಕ್ಯಾಸೆಟ್‌ಗಳಿಗೆ ಲೈಸೆನ್ಸ್ ಹಾಕಿದ್ದೆ. ತಾಯಿ ಮತ್ತು ಅಕ್ಕ ಅದೇ ದಿನ ಸಂಜೆ ಒಪ್ಪಿಗೆ ಬರೆದುಕೊಟ್ಟರು. ಹಾಡಿದವರ ಒಪ್ಪಿಗೆಗೆ ಊರೂರು ತಿರುಗಬೇಕಾಯಿತು, ಈ ಹದಿನಾಲ್ಕು ತಿಂಗಳ ಬಹುಪಾಲು ಹೋದದ್ದು ಅದಕ್ಕೇ.

ನಡುವೆ ಎಂಟನೆಯ ಕ್ಯಾಸೆಟ್ ಎರಡು ವಾರ ತಿಂದಿತು. ಮದುವೆಮನೆಯ ಸೋಬಾನೆ ಪದಗಳ ಹಿಂದೆ ಧ್ವನಿವರ್ಧಕದಲ್ಲಿ ಸಿನಿಮಾ ಹಾಡುಗಳು ಸ್ಪಷ್ಟವಾಗಿ ಕೇಳುತ್ತವೆ. ಮದುವೆಯಲ್ಲಿ ಹಾಡು ಹಾಕಲು ಕಾಯ್ದೆಯಲ್ಲಿ ವಿನಾಯಿತಿ ಇದೆ, ಆ ಮದುವೆಯ ಧ್ವನಿಮುದ್ರಣವನ್ನು ಲೋಕಕ್ಕೆ ಹಂಚುವುದು ಬೇರೆ ಮಾತು. ಸೋಸುವ ತಂತ್ರಾಂಶಗಳನ್ನು ಬಳಸಿ ನೋಡಿದೆ, ಹೆಂಗಸರ ದನಿಯೂ ಜೊತೆಗೇ ಸವೆದುಹೋಯಿತು. ಕೊನೆಗೆ ಸಿನಿಮಾ ಹಾಡಿಲ್ಲದ ಹನ್ನೊಂದು ನಿಮಿಷವನ್ನಷ್ಟೇ ಉಳಿಸಿಕೊಂಡು, ಪೂರ್ಣ ಪ್ರತಿಯನ್ನು ಮನೆಯಲ್ಲೇ ಇಟ್ಟಿದ್ದೇನೆ.

ಈಗ ಜಗಲಿಯ ಮಾತಿಗೆ ಬರುತ್ತೇನೆ. ಆ ಅಜ್ಜಿಯ ದನಿ ಮೂರು ಕ್ಯಾಸೆಟ್‌ಗಳಲ್ಲಿದೆ. ಎರಡು ದಶಕಗಳಿಗೂ ಹೆಚ್ಚು ಹಿಂದಿನ ತಮ್ಮದೇ ದನಿಯನ್ನು ಮೊಬೈಲಿನಲ್ಲಿ ಕೇಳಿಸಿಕೊಂಡು ಬಹಳ ಹೊತ್ತು ಸುಮ್ಮನಿದ್ದರು. ನಾನು ಮೊದಲಿನ ಮನೆಗಳಲ್ಲಿ ಮಾಡಿದಂತೆ ಲೈಸೆನ್ಸಿನ ಷರತ್ತುಗಳನ್ನು ವಿವರಿಸಲು ತೊಡಗಿ, ನಿಮ್ಮ ಹಾಡನ್ನು ಬೇರೆಯವರು ಬದಲಾಯಿಸಬಹುದೋ ಬಾರದೋ ಎಂದು ಕೇಳಿದೆ. ಈ ಪ್ರಶ್ನೆಗೆ ಇದುವರೆಗೆ ಎಲ್ಲರೂ ಬೇಡ ಎಂದೇ ಹೇಳಿದ್ದರು, ಬದಲಾಯಿಸುವುದು ಎಂದರೆ ಕೆಡಿಸುವುದು ಎಂದೇ ಕಿವಿಗೆ ಬೀಳುತ್ತದೆ. ಅಜ್ಜಿಯೂ ಬೇಡ ಎಂದರು. ಹಾಗೆ ಅಂದವರು ತಾವಾಗಿಯೇ ಆ ಪದವನ್ನು ಗುನುಗತೊಡಗಿದಾಗ ನನ್ನ ಗಮನಕ್ಕೆ ಬಂದದ್ದೇನೆಂದರೆ, ಕ್ಯಾಸೆಟ್ಟಿನಲ್ಲಿದ್ದ ಅಣ್ಣನ ಹೆಸರು ಈಗಿನ ಹಾಡಿನಲ್ಲಿರಲಿಲ್ಲ, ಆ ಜಾಗದಲ್ಲಿ ಮೊಮ್ಮಗನ ಹೆಸರಿತ್ತು. ಇದೇಕೆ ಬದಲಾಯಿತು ಎಂದು ಕೇಳಿದೆ.

“ಅಣ್ಣ ಹೋದ್ನಲ್ಲಪ್ಪ. ಪದ ಅಂದ್ಮೇಲೆ ಹಂಗೇಯ. ನಮ್ಮತ್ತೆ ಹೇಳ್ಕೊಟ್ಟಿದ್ದನ್ನ ನಾನು ಹಂಗಂಗೇ ಹಾಡಿದ್ನಾ? ಅವ್ರ ತೌರೇ ಬೇರೆ, ನನ್ನ ತೌರೇ ಬೇರೆ. ಯಾರು ಹಾಡ್ತಾರೋ ಅವ್ರ ತೌರಿನ ಹೆಸ್ರು ಬಂದ್ರೇನೆ ಅದು ಪದ.”

ನಾನು ಪ್ರಶ್ನೆಯನ್ನೇ ತಪ್ಪಾಗಿ ಕೇಳುತ್ತಿದ್ದೆನೆಂಬುದು ಆಗ ಹೊಳೆಯಿತು. ತೌರನ್ನು ಹೊಗಳುವ ಬೀಸುವ ಪದ, ಮಗುವಿನ ಹೆಸರು ಸೇರಿಸಿ ಹಾಡುವ ಜೋಗುಳ, ಮದುಮಕ್ಕಳ ಹೆಸರು ಕಟ್ಟುವ ಸೋಬಾನೆ, ಇವೆಲ್ಲ ಬದಲಾಗುತ್ತಲೇ ಬಂದಿರುವುದರಿಂದ ನಮ್ಮವರೆಗೆ ತಲುಪಿವೆ. ಅಂಥ ಹಾಡಿಗೆ ಎನ್‌ಡಿ ಹಾಕುವುದೆಂದರೆ ಅತ್ತೆಯ ಪದವನ್ನು ಸೊಸೆ ತನ್ನ ತೌರಿನ ಹೆಸರಲ್ಲಿ ಹಾಡಬಾರದು ಎಂದು ಹೇಳಿದಂತೆ. ನಾನು ಮತ್ತೆ ಕೇಳಿದೆ: ನಿಮ್ಮ ದನಿಯನ್ನು ತೆಗೆದುಕೊಂಡು ಇನ್ನೊಬ್ಬರು ತಮ್ಮ ತೌರಿನ ಹೆಸರು ಸೇರಿಸಿ ಹಾಡು ಮಾಡಿದರೆ, ನಿಮ್ಮಿಂದ ಕಲಿತೆವೆಂದು ಹೇಳಿ, ತಾವು ಮಾಡಿದ್ದನ್ನೂ ಮುಂದಿನವರಿಗೆ ಹೀಗೆಯೇ ಕೊಡಬೇಕು ಎಂದರೆ ಒಪ್ಪುತ್ತೀರಾ? ಇದರಲ್ಲಿ ಕೇಳುವುದೇನಿದೆ ಎಂದು ಅಜ್ಜಿ ನಕ್ಕುಬಿಟ್ಟರು. ನಾನು ಅವರಿಗೆ ಹೇಳಿದ್ದು ಅಕ್ಷರಶಃ ಬಿವೈ-ಎಸ್‌ಎ ಲೈಸೆನ್ಸಿನ ಸಾರಾಂಶ, ಎಸ್‌ಎ ಎಂದರೆ ‘ನನ್ನಂತೆಯೇ ಹಂಚು’.

ಅಲ್ಲಿಗೇ ಮುಗಿಯಲಿಲ್ಲ, ಮುಗಿಯಬಾರದಿತ್ತು ಕೂಡ. ಬಾಗಿಲಲ್ಲಿ ನಿಂತಿದ್ದ ಮೊಮ್ಮಗ ಕೇಳಿದ: “ಸಾರ್, ಇದನ್ನ ಯಾರೋ ಎತ್ಕೊಂಡು ಡಿಜೆಗೆ ಹಾಕಿದ್ರೆ ಏನ್ ಮಾಡ್ತೀರಾ? ದುಡ್ಡು ಮಾಡ್ಕೊಂಡ್ರೆ ನಮ್ಮಜ್ಜಿಗೆ ಏನ್ ಬರುತ್ತೆ?” ಇದು ನ್ಯಾಯವಾದ ಪ್ರಶ್ನೆ, ಜಾರಿಕೊಳ್ಳುವ ಉತ್ತರ ಕೊಡಲು ನನಗೆ ಮನಸ್ಸಿರಲಿಲ್ಲ. ಬಿವೈ-ಎಸ್‌ಎ ಅಡಿಯಲ್ಲಿ ಡಿಜೆ ಹಾಡನ್ನೂ ಮಾಡಬಹುದು, ಮಾರಲೂಬಹುದು, ಅದರಿಂದ ಅಜ್ಜಿಗೆ ಹಣ ಬರುತ್ತದೆಂಬ ಭರವಸೆ ಇಲ್ಲ ಎಂದು ನೇರವಾಗಿ ಹೇಳಿದೆ. ಮಾಡಿದವರು ಅಜ್ಜಿಯ ಹೆಸರು ಹಾಕಲೇಬೇಕು, ತಮ್ಮ ಹಾಡನ್ನೂ ಇದೇ ಲೈಸೆನ್ಸಿನಲ್ಲಿ ಬಿಡಬೇಕು, ಅಜ್ಜಿಯೇ ಇದನ್ನು ಮೆಚ್ಚಿದ್ದಾರೆಂದು ಬಿಂಬಿಸುವಂತಿಲ್ಲ. ಇನ್ನೊಂದು ಅಂಶ ಬಹಳ ಜನರ ಕಣ್ಣಿಗೆ ಬೀಳುವುದಿಲ್ಲ. ಹೊಸ ರೂಪ ನಮಗೆ ಹಿಡಿಸದಿದ್ದರೆ ಅದರಿಂದ ನಮ್ಮ ಹೆಸರು ತೆಗೆಯಿರಿ ಎಂದು ಕೇಳುವ ಅವಕಾಶ ಲೈಸೆನ್ಸಿನ 4.0 ಆವೃತ್ತಿಯಲ್ಲಿದೆ, ಕೇಳಿದರೆ ಸಾಧ್ಯವಿರುವ ಮಟ್ಟಿಗೆ ಅವರು ತೆಗೆಯಬೇಕು. ಮಾನಕ್ಕೆ ಕುಂದು ತರುವ ವಿಕೃತಿಯನ್ನು ತಡೆಯುವ ಹಕ್ಕನ್ನು 2012ರ ತಿದ್ದುಪಡಿ ಪ್ರದರ್ಶಕರಿಗೂ ಕೊಟ್ಟಿದೆ. ಆದರೆ ಲೈಸೆನ್ಸ್ ಕೊಟ್ಟವರು ಬಳಕೆಗೆ ಅಗತ್ಯವಿರುವಷ್ಟರ ಮಟ್ಟಿಗೆ ಅಂಥ ಹಕ್ಕನ್ನು ಚಲಾಯಿಸುವುದಿಲ್ಲವೆಂದು ಒಪ್ಪಿಕೊಂಡಿರುತ್ತಾರೆ, ಆದ್ದರಿಂದ ಅದೊಂದನ್ನೇ ಕಾವಲೆಂದು ನಂಬಿ ಕೂರುವಂತಿಲ್ಲ. ಇದನ್ನೂ ಹೇಳಿದೆ.

ಹಾಗಾದರೆ ಎನ್‌ಸಿ ಹಾಕಿ ಎಂದ. ಎನ್‌ಸಿ ಯಾರಿಗೂ ತಾನಾಗಿ ಹಣ ತಂದುಕೊಡುವುದಿಲ್ಲ. ವ್ಯಾಪಾರಕ್ಕೆ ಬೇಕಾದವರು ನಮ್ಮನ್ನು ಬೇರೆಯಾಗಿ ಕೇಳಬೇಕೆಂಬ ಬಾಗಿಲನ್ನು ಅದು ಉಳಿಸುತ್ತದೆ, ಅಷ್ಟೆ. ಆ ಬಾಗಿಲು ನಿಜಕ್ಕೂ ಬೇಕಾದವರೂ ಇದ್ದಾರೆ. ಕೊರಟಗೆರೆ ಕಡೆಯ ತತ್ವಪದದ ಮೇಳವೊಂದು ಇವತ್ತಿಗೂ ಕಾರ್ಯಕ್ರಮದ ಸಂಭಾವನೆಯಿಂದ ಬದುಕುತ್ತಿದೆ, ಅವರ ಐದು ಕ್ಯಾಸೆಟ್‌ಗಳಿಗೆ ಬಿವೈ-ಎನ್‌ಸಿ-ಎಸ್‌ಎ ಸರಿ ಎಂದು ನಾವು ಕೂಡಿ ತೀರ್ಮಾನಿಸಿದೆವು. ಬೀಸುವ ಪದಕ್ಕೆ ಅದನ್ನೇ ಹಾಕಿದರೆ, ಜಾನಪದ ಪುಸ್ತಕವೊಂದನ್ನು ಐವತ್ತು ರೂಪಾಯಿಗೆ ಅಚ್ಚು ಹಾಕುವ ಸಣ್ಣ ಪ್ರಕಾಶಕರು ಅದರ ಜೊತೆ ಈ ಹಾಡನ್ನು ಕೊಡಬಹುದೋ ಇಲ್ಲವೋ ಎಂದು ಅನುಮಾನದಲ್ಲೇ ಕೈಬಿಡುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ಕನ್ನಡ ವಿಶ್ವಕೋಶವನ್ನು ಬಿವೈ-ಎಸ್‌ಎ ಅಡಿಯಲ್ಲಿ ಬಿಟ್ಟಿದ್ದನ್ನು ಹುಡುಗನಿಗೆ ಹೇಳಿ, ಅದರ ಲೇಖನಗಳನ್ನು ಮೊಬೈಲಿನಲ್ಲೇ ತೋರಿಸಿದೆ. ಕೊಟ್ಟ ಲೈಸೆನ್ಸನ್ನು ಹಿಂದಕ್ಕೆ ಪಡೆಯಲಾಗದು ಎಂಬುದನ್ನು ಎರಡು ಸಲ ಹೇಳಿ, ಒಂದು ವಾರ ಯೋಚಿಸಲಿ ಎಂದು ಎದ್ದು ಬಂದೆ. ಬುಧವಾರವೇ ಅವನ ಫೋನ್ ಬಂತು. ಈ ಭಾನುವಾರ ಮತ್ತೆ ಹೋಗಿ, ಅಜ್ಜಿಯ ಮುಂದೆ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿಕೊಂಡೆ. ಅಜ್ಜಿ ಹೇಳಿದ ಒಪ್ಪಿಗೆಯ ಮಾತು ಧ್ವನಿಮುದ್ರಣವಾಗಿಯೂ ಇದೆ.

ಎರಡು ಬಗೆಯ ಲೈಸೆನ್ಸ್ ಆದ್ದರಿಂದ ನಷ್ಟವೊಂದಾಯಿತು. ಬೀಸುವ ಪದ, ತತ್ವಪದಗಳನ್ನು ಒಂದರೊಳಗೊಂದು ಹೆಣೆದು ಇಪ್ಪತ್ತು ನಿಮಿಷದ ಧ್ವನಿರೂಪಕವೊಂದನ್ನು ಕಟ್ಟಿದ್ದೆ, ಅದನ್ನು ಬಿಚ್ಚಬೇಕಾಯಿತು. ಎರಡೂ ಲೈಸೆನ್ಸ್‌ಗಳು ‘ನನ್ನಂತೆಯೇ ಹಂಚು’ ಎನ್ನುತ್ತವೆ, ಒಂದೇ ರೂಪಾಂತರ ಎರಡನ್ನೂ ಪಾಲಿಸಲಾರದು. ಪಕ್ಕಪಕ್ಕದಲ್ಲಿ ಬೇರೆ ಬೇರೆ ಕಡತಗಳಾಗಿ ಇಡಲು ಅಡ್ಡಿಯಿಲ್ಲ, ಹಾಗೆಯೇ ಇಟ್ಟಿದ್ದೇನೆ. ಕ್ಯಾಸೆಟ್‌ಗಳ ಪಟ್ಟಿ ನನ್ನ ಶ್ರಮವಷ್ಟೇ ಆದ್ದರಿಂದ ಅದನ್ನು ಸಿಸಿ ಝೀರೋ ಮಾಡಿ ಎಲ್ಲ ಷರತ್ತು ಬಿಟ್ಟುಕೊಟ್ಟೆ.

ಮೂರು ಕ್ಯಾಸೆಟ್‌ಗಳಿಗೆ ಯಾವ ಲೈಸೆನ್ಸೂ ಇಲ್ಲ. ಗಣೆ ಎಂಬ ಉದ್ದ ಕೊಳಲು ಊದಿ ಹಾಡುವ, ಕಾಡುಗೊಲ್ಲರ ದೈವ ಜುಂಜಪ್ಪನ ಕಾವ್ಯ ಅವುಗಳಲ್ಲಿದೆ. ಹಾಡಿದ ಕಾಡುಗೊಲ್ಲ ಹಿರಿಯರ ಮನೆಯವರು, ಅದಕ್ಕೆ ಕಾಲವಿದೆ, ಜಾಗವಿದೆ, ಎಲ್ಲೆಂದರಲ್ಲಿ ಕೇಳುವುದಲ್ಲ ಎಂದರು. ಹಕ್ಕುಸ್ವಾಮ್ಯದ ಕಾಯ್ದೆಗಾಗಲಿ ಕ್ರಿಯೇಟಿವ್ ಕಾಮನ್ಸಿಗಾಗಲಿ ಈ ಮಾತು ಅರ್ಥವಾಗುವುದಿಲ್ಲ, ನನಗೆ ಅರ್ಥವಾಗುತ್ತದೆ. ಲೋಕಲ್ ಕಾಂಟೆಕ್ಸ್ಟ್ಸ್ ಎಂಬ ಸಂಸ್ಥೆ ಸಮುದಾಯಗಳು ಇಂಥ ಕಟ್ಟಳೆಗಳನ್ನು ತಾವೇ ಸೂಚಿಸುವಂತೆ ರೂಪಿಸಿದ ಸಾಂಪ್ರದಾಯಿಕ ಜ್ಞಾನದ ಲೇಬಲ್‌ಗಳಿವೆ. ಆದರೆ ಅವನ್ನು ಹಾಕಬೇಕಾದವರು ಅವರು, ನಾನಲ್ಲ. ಪ್ರತಿಗಳನ್ನು ಆ ಮನೆಗೇ ತಲುಪಿಸಿದ್ದೇನೆ.

ಒಪ್ಪಿಗೆಗೆ ತಿರುಗುವಾಗ ಮುಂದಿನ ಕೆಲಸವೂ ಕಣ್ಣಿಗೆ ಬಿದ್ದಿದೆ. ತುಮಕೂರಿನ ಮಂಡಿಪೇಟೆಯಲ್ಲಿ ಕೈಬರಹದ ಬೋರ್ಡುಗಳು ಇನ್ನೂ ಕೆಲವು ಉಳಿದಿವೆ. ಅವುಗಳ ದುಂಡು ಅಕ್ಷರ, ನೆರಳು ಕೊಟ್ಟ ಒತ್ತಕ್ಷರಗಳಿಂದ ಒಂದು ಫಾಂಟ್ ಮಾಡಬೇಕೆಂಬ ಆಸೆ ಹುಟ್ಟಿದೆ. ಅದಕ್ಕೆ ಓಪನ್ ಫಾಂಟ್ ಲೈಸೆನ್ಸ್ ಹೊಂದುತ್ತದೆ. ಫಾಂಟನ್ನಷ್ಟೇ ಬಿಡಿಯಾಗಿ ಮಾರುವಂತಿಲ್ಲ, ಅದರಲ್ಲಿ ಅಚ್ಚಾದ ಪುಸ್ತಕಕ್ಕೆ ಯಾವ ಕಟ್ಟೂ ಇಲ್ಲ. ಈ ಸಲ ಮೊದಲ ಅಕ್ಷರ ಸ್ಕ್ಯಾನ್ ಮಾಡುವ ಮುನ್ನವೇ ಬೋರ್ಡ್ ಬರೆದವರನ್ನು ಹುಡುಕಿ ಕೇಳುತ್ತೇನೆ.

ಹೆಸರು ಹಾಕುವ ಸಾಲನ್ನು ಫ್ಲ್ಯಾಕ್ ಕಡತದ ಲೈಸೆನ್ಸ್ ಟ್ಯಾಗಿನಲ್ಲಿ ಬರೆದರೆ ಸಾಲದು. ವಾಟ್ಸಾಪಿನಲ್ಲಿ ಕೈಬದಲಾಗುವ ಹೊತ್ತಿಗೆ ಟ್ಯಾಗ್ ಉದುರಿಹೋಗಬಹುದು. ಆದ್ದರಿಂದ ಕೇಳುವ ಪ್ರತಿಗಳ ಮೊದಲಲ್ಲಿ ಹಾಡಿದವರು, ಊರು, ವರ್ಷ, ಲೈಸೆನ್ಸ್ ಇಷ್ಟನ್ನೂ ನನ್ನ ದನಿಯಲ್ಲೇ ಹೇಳಿ ಸೇರಿಸುತ್ತಿದ್ದೇನೆ. ಹೆಬ್ಬೆಟ್ಟು ಹಾಕಿದ ಮೇಲೆ ಆ ಸಾಲನ್ನು ಅಜ್ಜಿಗೆ ಓದಿ ಹೇಳಿದಾಗ, “ನಮ್ಮತ್ತೆ ಹೆಸ್ರೆಲ್ಲಿ?” ಎಂದು ಕೇಳಿದರು. ಈಗ ಪಟ್ಟಿಯಲ್ಲಿ ‘ಕಲಿಸಿದವರು’ ಎಂಬ ಇನ್ನೊಂದು ಅಂಕಣ ಸೇರಿದೆ. ಅಜ್ಜಿಯ ಮೂರು ಕ್ಯಾಸೆಟ್‌ಗಳಲ್ಲಿ ಅದು ತುಂಬಿದೆ. ಉಳಿದ ಹಾಡುಗಾರ್ತಿಯರ ಮನೆಗಳಿಗೆ ಮುಂದಿನ ವಾರದಿಂದ ಮತ್ತೊಮ್ಮೆ ಹೊರಡುತ್ತೇನೆ.