ಮಹಡಿ ರೂಮಿನ ಡೆಸ್ಕ್‌ಟಾಪ್‌ಗೆ ನೆಟ್ ಬಂದ ಕತೆ

ಅಮ್ಮನಿಗೆ ಮಂಡಿ ನೋವು ಶುರುವಾದ ಮೇಲೆ ಮೆಟ್ಟಿಲು ಹತ್ತುವುದು ಆಗುತ್ತಿರಲಿಲ್ಲ. ಹಾಗಾಗಿ ಕೆಳಗಿದ್ದ ನನ್ನ ರೂಮನ್ನು ಅಮ್ಮನಿಗೆ ಬಿಟ್ಟುಕೊಟ್ಟೆ. ನನ್ನ ಮೇಜು, ಕುರ್ಚಿ, ಡೆಸ್ಕ್‌ಟಾಪ್ ಎಲ್ಲವೂ ಮಹಡಿಯ ಹಿಂದಿನ ರೂಮಿಗೆ ಹೋದವು. ರೂಟರ್ ಮಾತ್ರ ಕೆಳಗೇ ಉಳಿಯಿತು. ಫೈಬರ್ ಕೇಬಲ್ ಮನೆಯೊಳಗೆ ಬರುವುದು ಅಲ್ಲಿಗೇ.

ನಾನು ಪುಸ್ತಕಗಳ ಪುಟ ಜೋಡಿಸುವ ಕೆಲಸ ಮಾಡುತ್ತೇನೆ. ಮುಗಿದ ಪುಸ್ತಕ 300, 400 ಎಂಬಿ ಫೈಲ್ ಆಗಿ ಪ್ರೆಸ್ಸಿಗೆ ಹೋಗಬೇಕು. ನೆಟ್ ಇಲ್ಲದಿದ್ದರೆ ಕೆಲಸ ಅಲ್ಲಿಗೇ ನಿಂತಂತೆ. ಕೆಳಗಿದ್ದಾಗ ರೂಟರ್ ಮೇಜಿನ ಪಕ್ಕದಲ್ಲೇ ಇತ್ತು, ಒಂದು ಗೇಣು ಕೇಬಲ್ ಸಾಕಾಗಿತ್ತು. ಮೇಲೆ ಹೋದ ದಿನ ನೋಡಿದರೆ ಡೆಸ್ಕ್‌ಟಾಪ್‌ನಲ್ಲಿ ವೈಫೈ ಗುರುತೇ ಇಲ್ಲ. ಫೋನು, ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಇದ್ದೇ ಇರುತ್ತದೆ. ಡೆಸ್ಕ್‌ಟಾಪ್ ಹಾಗಲ್ಲ. ಅನೇಕ ಮದರ್‌ಬೋರ್ಡ್‌ಗಳಲ್ಲಿ ಹಿಂದುಗಡೆ ಒಂದು ನೆಟ್ ಪೋರ್ಟ್ ಇರುತ್ತದೆ, ಅಷ್ಟೇ. ನನ್ನದೂ ಅಂಥದ್ದೇ.

ಸರಿ, ಯುಎಸ್‌ಬಿಗೆ ಸಿಕ್ಕಿಸಿದರೆ ಕಂಪ್ಯೂಟರ್‌ಗೆ ವೈಫೈ ಕೊಡುವ ಒಂದು ಡಾಂಗಲ್ ತಂದೆ. ಹೆಬ್ಬೆರಳ ಉಗುರಿನಷ್ಟು ಚಿಕ್ಕದು. ಸಿಪಿಯು ಡಬ್ಬದ ಹಿಂದೆ ಖಾಲಿ ಇದ್ದ ಯುಎಸ್‌ಬಿ ಪೋರ್ಟಿಗೆ ಹಾಕಿದೆ. ಏನೂ ಆಗಲಿಲ್ಲ. ಅದಕ್ಕೆ ಡ್ರೈವರ್ ಬೇಕು, ಅಂದರೆ ಅದನ್ನು ನಡೆಸುವುದು ಹೇಗೆಂದು ಕಂಪ್ಯೂಟರ್‌ಗೆ ಹೇಳಿಕೊಡುವ ಸಾಫ್ಟ್‌ವೇರ್. ಡ್ರೈವರ್ ಇರುವುದು ನೆಟ್‌ನಲ್ಲಿ, ನೆಟ್ ಬರಬೇಕಾದರೆ ಡ್ರೈವರ್ ಬೇಕು! ಇಲ್ಲಿ ಸಿಕ್ಕಿಹಾಕಿಕೊಂಡವರಿಗೆ ಒಂದು ಸುಲಭ ದಾರಿ ಇದೆ. ಫೋನನ್ನು ಚಾರ್ಜಿಂಗ್ ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಜೋಡಿಸಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಫೋನಿನ ನೆಟ್ ಕಂಪ್ಯೂಟರ್‌ಗೆ ಬರುತ್ತದೆ. ಕೇಬಲ್ ಮಾತ್ರ ಡೇಟಾ ಹೋಗುವಂಥದ್ದಾಗಿರಬೇಕು, ಕೆಲವು ಬರೀ ಚಾರ್ಜ್ ಮಾಡುತ್ತವೆ. ನಾನು ಹಾಗೆಯೇ ಡ್ರೈವರ್ ಇಳಿಸಿಕೊಂಡೆ.

ಡ್ರೈವರ್ ಹಾಕಿದ ಮೇಲೆ ಮನೆಯ ವೈಫೈ ಹೆಸರು ಕಾಣಿಸಿತು. ಪಾಸ್‌ವರ್ಡ್ ಕೊಟ್ಟೆ, ಕನೆಕ್ಟ್ ಆಯಿತು. ಆದರೆ ನೆಟ್ ಓಡುವುದು, ನಿಲ್ಲುವುದು, ಮತ್ತೆ ಓಡುವುದು. ಫೈಲ್ ಅರ್ಧಕ್ಕೆ ನಿಂತರೆ ಮೊದಲಿನಿಂದ ಶುರು. ಒಂದು ಸಂಜೆ ಒಂದೇ ಫೈಲನ್ನು ನಾಲ್ಕು ಸಲ ಕಳಿಸಿದೆ. ಪ್ರೆಸ್ಸಿನವರು ಕಾಯುತ್ತಾ ಕೂತಿದ್ದರು. ಅವತ್ತು ನಿಜವಾಗಿ ಬೇಜಾರಾಯಿತು.

ಇಂಥ ಸಮಯದಲ್ಲಿ ನಾವೆಲ್ಲ ಮಾಡುವುದು ಒಂದೇ. "ನೆಟ್ ಸರಿ ಇಲ್ಲ" ಎಂದು ರೂಟರ್ ಆಫ್ ಮಾಡಿ ಆನ್ ಮಾಡುತ್ತೇವೆ, ಇಲ್ಲವೇ ಕಂಪನಿಗೆ ಫೋನ್ ಮಾಡುತ್ತೇವೆ. ಆದರೆ "ನೆಟ್" ಅನ್ನುವುದು ಒಂದೇ ದಾರಿ ಅಲ್ಲ, ಎರಡು ತುಂಡು. ಕಂಪ್ಯೂಟರ್‌ನಿಂದ ರೂಟರ್‌ವರೆಗೆ ಒಂದು. ರೂಟರ್‌ನಿಂದ ಹೊರಗಿನ ಲೋಕಕ್ಕೆ ಇನ್ನೊಂದು. ತೊಂದರೆ ಯಾವ ತುಂಡಿನಲ್ಲಿದೆ ಎಂದು ತಿಳಿಯದೆ ಏನು ಮಾಡಿದರೂ ಕತ್ತಲಲ್ಲಿ ತಡಕಾಡಿದ ಹಾಗೆ.

ಅದಕ್ಕೆ ಮಾರನೆಯ ದಿನ ಸಿಪಿಯು, ಮಾನಿಟರ್ ಹೊತ್ತು ಕೆಳಗೆ ತಂದೆ. ಹಳೆಯ ಚಿಕ್ಕ ಕೇಬಲ್‌ನಲ್ಲಿ ರೂಟರ್‌ಗೆ ನೇರವಾಗಿ ಜೋಡಿಸಿದೆ. ರೂಟರ್ ಹಿಂದೆ ಒಂದೇ ಥರದ ಪೋರ್ಟುಗಳು ಸಾಲಾಗಿ ಇರುತ್ತವಲ್ಲ, ಲ್ಯಾನ್ ಅಂತ ಬರೆದಿರುತ್ತದೆ, ಅವುಗಳಲ್ಲಿ ಯಾವುದಕ್ಕಾದರೂ ಹಾಕಬಹುದು. ಅನೇಕ ರೂಟರ್‌ಗಳಲ್ಲಿ ಪಕ್ಕದಲ್ಲಿ ಬೇರೆ ಬಣ್ಣದ್ದು ಒಂದು ಇರುತ್ತದೆ, ವ್ಯಾನ್ ಅಥವಾ ಇಂಟರ್ನೆಟ್ ಎಂದು ಬರೆದದ್ದು. ಅದು ಹೊರಗಿನಿಂದ ಬರುವ ಲೈನಿಗೆ. ಡೆಸ್ಕ್‌ಟಾಪ್ ಕೇಬಲ್ ಅದಕ್ಕೆ ಹೋಗಬಾರದು. ಸರಿಯಾಗಿ ಕೂತರೆ ಟಕ್ ಎಂದು ಸದ್ದಾಗುತ್ತದೆ, ಪೋರ್ಟಿನ ದೀಪ ಹತ್ತುತ್ತದೆ.

ಆಮೇಲೆ ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿ ತೆರೆದು ಐಪಿಕಾನ್ಫಿಗ್ (ipconfig) ಎಂದು ಟೈಪ್ ಮಾಡಿದೆ. ಐಪಿ ವಿಳಾಸ, ಅಂದರೆ ಮನೆಯ ನೆಟ್‌ನಲ್ಲಿ ಈ ಕಂಪ್ಯೂಟರ್‌ನ ನಂಬರು, 192.168.1 ಎಂದು ಶುರುವಾಗಿತ್ತು. ಡಿಫಾಲ್ಟ್ ಗೇಟ್‌ವೇ 192.168.1.1 ಎಂದಿತ್ತು. ಗೇಟ್‌ವೇ ಅಂದರೆ ನಮ್ಮ ರೂಟರ್. ಕೆಲವರ ಮನೆಯಲ್ಲಿ ಅದು 192.168.0.1 ಇರಬಹುದು. ಐಪಿ ವಿಳಾಸದ ಜಾಗದಲ್ಲಿ 169.254 ಎಂದು ಶುರುವಾಗುವ ವಿಳಾಸ ಕಂಡರೆ ರೂಟರ್ ವಿಳಾಸ ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಒಂದನ್ನು ಹಾಕಿಕೊಂಡು ಕೂತಿದೆ ಎಂದು ಅರ್ಥ. ಆಗ ವೈಫೈ ಪಾಸ್‌ವರ್ಡ್, ಕೇಬಲ್, ಡ್ರೈವರ್ ಇವನ್ನು ನೋಡಬೇಕು. ಕಂಪನಿಗೆ ಫೋನ್ ಮಾಡಿ ಉಪಯೋಗವಿಲ್ಲ.

ಕೆಳಗೆ ಅರ್ಧ ದಿನ ಕೆಲಸ ಮಾಡಿದೆ. ಒಂದು ಸಲವೂ ನೆಟ್ ನಿಲ್ಲಲಿಲ್ಲ. ಹೊರಗಿನ ಲೈನು ಚೆನ್ನಾಗಿದೆ, ಕಂಪ್ಯೂಟರೂ ಚೆನ್ನಾಗಿದೆ. ಉಳಿದದ್ದು ಮಹಡಿಗೂ ರೂಟರ್‌ಗೂ ನಡುವಿನ ಗಾಳಿ ಮಾತ್ರ.

ಮತ್ತೆ ಎಲ್ಲ ಮೇಲೆ ಹೊತ್ತೊಯ್ದೆ. ಈಗ ಎರಡು ಕಪ್ಪು ಕಿಟಕಿ ತೆರೆದು, ಒಂದರಲ್ಲಿ ರೂಟರ್‌ಗೆ ನಿಲ್ಲದೆ ಪಿಂಗ್ ಓಡುವಂತೆ ಮಾಡಿದೆ, ಇನ್ನೊಂದರಲ್ಲಿ ಹೊರಗಿನ 8.8.8.8ಕ್ಕೆ, ಅದು ಗೂಗಲ್‌ನ ಒಂದು ಸರ್ವರ್. ಪಿಂಗ್ ಅಂದರೆ "ಇದ್ದೀಯಾ?" ಎಂದು ಕೂಗುವುದು, ಉತ್ತರ ಬರಲು ಎಷ್ಟು ಮಿಲಿಸೆಕೆಂಡ್ ಆಯಿತು ಎಂದು ಅಳೆಯುವುದು. ಕೇಬಲ್‌ನಲ್ಲಿ ರೂಟರ್ 1 ಮಿಲಿಸೆಕೆಂಡಿಗೂ ಮೊದಲೇ ಉತ್ತರ ಕೊಡುತ್ತಿತ್ತು. ಮೇಲೆ 4, 7, 90, 12, 150 ಹೀಗೆ ಕುಣಿಯುತ್ತಿತ್ತು. ಮನೆಯೊಳಗಿನ ರೂಟರ್‌ಗೇ ಇಷ್ಟು ಹೊತ್ತು!

ಮೊದಲು ಡಾಂಗಲ್ ಇದ್ದ ಜಾಗ ನೋಡಿದೆ. ಸಿಪಿಯು ಮೇಜಿನ ಕೆಳಗೆ, ಅದರ ಹಿಂಭಾಗ ಗೋಡೆಗೆ ತಾಗಿಕೊಂಡು. ಅಂದರೆ ಆ ಪುಟ್ಟ ಡಾಂಗಲ್ ಒಂದು ಕಡೆ ಗೋಡೆ, ಇನ್ನೊಂದು ಕಡೆ ತಗಡಿನ ಡಬ್ಬ, ಇವೆರಡರ ಸಂದಿಯಲ್ಲಿ ಕೂತಿತ್ತು. ತಗಡಿನ ಮೂಲಕ ವೈಫೈ ಅಲೆ ಹಾಯುವುದಿಲ್ಲ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಡಬ್ಬ ಅದಕ್ಕಿಂತ ಎಷ್ಟೋ ದೊಡ್ಡದು. ಡಬ್ಬದ ಹಿಂದೆ ನೆರಳು ಬಿದ್ದಂತೆ ಆಗುತ್ತದೆ. ಒಂದೂವರೆ ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ಹಾಕಿ ಡಾಂಗಲನ್ನು ಮೇಜಿನ ಮೇಲಕ್ಕೆ ತಂದೆ. ಸಿಗ್ನಲ್ 38 ಶೇಕಡದಿಂದ 64ಕ್ಕೆ ಏರಿತು. ಡಾಂಗಲ್ ಬಳಸುವವರು ಬೇರೇನೂ ಮಾಡದಿದ್ದರೂ ಇದೊಂದನ್ನು ಮಾಡಿ ನೋಡಿ.

ರೂಟರ್ ಸೆಟ್ಟಿಂಗ್‌ನಲ್ಲಿ ವೈಫೈ ಓಡುವ ಚಾನೆಲ್ ಕೂಡ ಬದಲಿಸಿದೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಅಕ್ಕಪಕ್ಕದ ಮನೆಗಳ ವೈಫೈ ಜಾಸ್ತಿ 6ರಲ್ಲಿದ್ದವು. ನಾನು 11ಕ್ಕೆ ಹೋದೆ. 5 ಗಿಗಾಹರ್ಟ್ಸ್‌ನಲ್ಲಿ ಗಲಾಟೆ ಕಡಿಮೆ, ಸ್ಪೀಡೂ ಜಾಸ್ತಿ, ಆದರೆ ಅದು ಕಾಂಕ್ರೀಟ್ ದಾಟಿ ಬರುವಷ್ಟರಲ್ಲಿ ಸೋತು ಹೋಗುತ್ತದೆ. ನನ್ನ ರೂಮಿನಲ್ಲಿ ಅದು ಬಂದು ಬಂದು ಹೋಗುತ್ತಿತ್ತು. ಒಳಗೆ ಹೋದವನು ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಬದಲು ಬಟನ್ ಅಥವಾ ಪಿನ್‌ನಿಂದ ವೈಫೈ ಸೇರಿಸುವ ಸೌಲಭ್ಯ) ಆಫ್ ಮಾಡಿ ಬಂದೆ. ನೀವೂ ಮಾಡಿಬಿಡಿ, ಎರಡು ನಿಮಿಷದ ಕೆಲಸ.

ಇಷ್ಟಾದ ಮೇಲೆ ಬೆಳಗ್ಗೆಯೆಲ್ಲ ನೆಟ್ ಚೆನ್ನಾಗಿ ಓಡಿತು. ಸಂಜೆ ನಾಲ್ಕಕ್ಕೆ ಮತ್ತೆ ಕೆಟ್ಟಿತು. ಮಾರನೆಯ ದಿನವೂ ನಾಲ್ಕಕ್ಕೇ. ಮೂರನೆಯ ದಿನ ನಾಲ್ಕಕ್ಕೆ ಐದು ನಿಮಿಷ ಇರುವಾಗಲೇ ಪಿಂಗ್ ನೋಡುತ್ತಾ ಕೂತೆ. ಸರಿಯಾಗಿ ನಾಲ್ಕಕ್ಕೆ ರೂಟರ್‌ನ ಉತ್ತರ 300, 400 ಆಯಿತು, ಆಮೇಲೆ ಬರುವುದೇ ನಿಂತಿತು. ಅದೇ ಹೊತ್ತಿಗೆ ಪಕ್ಕದಲ್ಲಿ ಹಾರ್ಡ್ ಡಿಸ್ಕ್ ಗುಂಯ್ ಎಂದು ತಿರುಗಲು ಶುರುವಾಯಿತು.

ನನ್ನ ಪುಸ್ತಕಗಳ ಬ್ಯಾಕಪ್ ದಿನವೂ ನಾಲ್ಕಕ್ಕೆ ತಾನಾಗಿ ಹೊರಗಿನ ಹಾರ್ಡ್ ಡಿಸ್ಕಿಗೆ ಹೋಗುತ್ತದೆ. ಆ ಡಿಸ್ಕು ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟಿಗೆ ಹಾಕಿದ್ದು. ಬ್ಯಾಕಪ್ ನಿಲ್ಲಿಸಿದೆ, ಪಿಂಗ್ ಸರಿಹೋಯಿತು. ಶುರು ಮಾಡಿದೆ, ಕೆಟ್ಟಿತು. ಐದು ಸಲ ಹೀಗೇ ಮಾಡಿ ನೋಡಿದೆ. ಐದು ಸಲವೂ ಅದೇ.

ಹುಡುಕಿ ಓದಿದಾಗ ಕಾರಣ ಸಿಕ್ಕಿತು. ಯುಎಸ್‌ಬಿ 3 ಸೆಕೆಂಡಿಗೆ 5 ಗಿಗಾಬಿಟ್ ಸಾಗಿಸುತ್ತದೆ. ಅಷ್ಟು ವೇಗದಲ್ಲಿ ಓಡುವಾಗ ಅದರ ವೈರು, ಕನೆಕ್ಟರುಗಳಿಂದ ಒಂದಿಷ್ಟು ರೇಡಿಯೋ ಗದ್ದಲ ಸೋರುತ್ತದೆ. ಆ ಗದ್ದಲ ಹರಡುವ ಜಾಗದಲ್ಲೇ 2.4 ಗಿಗಾಹರ್ಟ್ಸ್ ವೈಫೈ ಕೂಡ ಇದೆ. ಇಂಟೆಲ್ ಕಂಪನಿ 2012ರಲ್ಲೇ ಇದನ್ನು ಅಳೆದು ವರದಿ ಪ್ರಕಟಿಸಿದೆ. ದೂರದ ರೂಟರ್‌ನಿಂದ ಬರುವ ಸಣ್ಣ ದನಿಯನ್ನು ಕೇಳಿಸಿಕೊಳ್ಳಬೇಕಾದ ಡಾಂಗಲ್ ಪಕ್ಕದಲ್ಲೇ ಯಾರೋ ತಮಟೆ ಬಾರಿಸಿದ ಹಾಗೆ. ನಾನು ಡಾಂಗಲನ್ನು ಮೇಜಿನ ಮೇಲೆ ಹಾರ್ಡ್ ಡಿಸ್ಕಿನ ಪಕ್ಕಕ್ಕೇ ತಂದು ಇಟ್ಟಿದ್ದೆ, ಒಂದು ಗೇಣೂ ದೂರ ಇರಲಿಲ್ಲ. ಡಿಸ್ಕನ್ನು ಮೇಜಿನ ಆ ತುದಿಗೆ, ಡಾಂಗಲನ್ನು ಈ ತುದಿಗೆ ಸರಿಸಿದೆ. ಪಿಂಗ್ 300ರಿಂದ 20, 30ಕ್ಕೆ ಇಳಿಯಿತು. ಎರಡು ವಾರದಿಂದ ಕಾಡಿದ್ದಕ್ಕೆ ಕಾರಣ ಕಣ್ಣೆದುರೇ ಇತ್ತು. ಅವತ್ತು ನನಗಾದ ಖುಷಿ ಹೇಳತೀರದು.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಒಂದು ಯೋಚನೆ ಬಂತು. ಫೋನು ಕೈಯಲ್ಲಿ ಓಡಾಡುತ್ತದೆ, ಅದಕ್ಕೆ ವೈಫೈ ಬೇಕು. ಈ ಡೆಸ್ಕ್‌ಟಾಪ್ ಇನ್ನು ಹತ್ತು ವರ್ಷ ಇದೇ ಮೂಲೆಯಲ್ಲಿ ಇರುತ್ತದೆ. ಕೂತಲ್ಲೇ ಕೂರುವ ವಸ್ತುವಿಗೆ ಗಾಳಿಯ ಹಂಗು ಯಾಕೆ?

ಹಗ್ಗ ಹಿಡಿದು ಅಳೆದೆ. ರೂಟರ್‌ನಿಂದ ಮೆಟ್ಟಿಲ ಮಗ್ಗುಲಲ್ಲಿ ಹತ್ತಿ ನನ್ನ ಮೇಜಿಗೆ 19 ಮೀಟರ್. ನೆಟ್ ಕೇಬಲ್ 100 ಮೀಟರ್‌ವರೆಗೂ ಗಿಗಾಬಿಟ್ ಸ್ಪೀಡ್ ಕೊಡುತ್ತದೆ, ಹಾಗಾಗಿ ಉದ್ದದ ಚಿಂತೆ ಇಲ್ಲ. ಕ್ಯಾಟ್ 5ಇ ದರ್ಜೆಯ ಕೇಬಲ್ ಸಾಕಾಗುತ್ತಿತ್ತು, ಸಿಕ್ಕಿದ್ದು ಅದಕ್ಕಿಂತ ಮೇಲಿನ ಕ್ಯಾಟ್ 6. ತಂತಿ ಪೂರ್ತಿ ತಾಮ್ರದ್ದೇ ಎಂದು ಕೇಳಿ ತೆಗೆದುಕೊಂಡೆ. ಅಲ್ಯೂಮಿನಿಯಂ ತಂತಿಗೆ ತಾಮ್ರ ಲೇಪಿಸಿದ್ದೂ ಇರುತ್ತದೆ, ಅದು ಬಾಗಿಸಿದರೆ ಬೇಗ ಮುರಿಯುತ್ತದೆ. ಪ್ಲಗ್ ಇರುವ ಕೇಬಲ್ ಗೋಡೆಯ ಚಿಕ್ಕ ತೂತಿನಲ್ಲಿ ಹಾಯುವುದಿಲ್ಲ. ಅದಕ್ಕೆ ಬರೀ ಕೇಬಲ್ ತಂದು, ಗೆಳೆಯನ ಹತ್ತಿರ ಪ್ಲಗ್ ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್ ಕೇಳಿ ಪಡೆದೆ.

ಮೊದಲ ದಿನ ಕೇಬಲನ್ನು ಮೆಟ್ಟಿಲ ಮೇಲೆ ಹಾಗೇ ಹಾಸಿ ನೋಡುತ್ತಿದ್ದೆ. ಅಮ್ಮ ರೂಮಿನಿಂದ ಬಂದು, "ಏನೋ ಅದು, ಮೆಟ್ಟಿಲ ತುಂಬಾ ವೈರು? ಯಾರ ಕಾಲಿಗಾದ್ರೂ ಸಿಕ್ಕಿದ್ರೆ?" ಅಂದರು. "ಸುಮ್ನೆ ಅಳತೆ ನೋಡ್ತಿದ್ದೀನಮ್ಮ, ಗೋಡೆಗೆ ಹೊಡೀತೀನಿ" ಅಂದೆ. ಮೊಳೆ ಇರುವ ಪ್ಲಾಸ್ಟಿಕ್ ಕ್ಲಿಪ್ ತಂದು ಗೋಡೆಯ ಬುಡಕ್ಕೆ ಹೊಡೆದೆ. ಅಮ್ಮ ಕುರ್ಚಿ ಹಾಕಿಕೊಂಡು ಕೂತು ಒಂದೊಂದೇ ಕ್ಲಿಪ್ ಎತ್ತಿ ಕೊಟ್ಟರು. ಮೂಲೆಗಳಲ್ಲಿ ಕೇಬಲನ್ನು ಮಡಿಸದೆ ದುಂಡಗೆ ತಿರುಗಿಸಿದೆ. ಕರೆಂಟ್ ವೈರಿನಿಂದ ದೂರ ಇಟ್ಟೆ.

ಪ್ಲಗ್ ಹಾಕುವುದು ತಾಳ್ಮೆಯ ಕೆಲಸ. ಒಳಗೆ ಎಂಟು ತಂತಿ, ನಾಲ್ಕು ಜೋಡಿ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಯಲ್ಲಿ ಇದೇ ಸಾಲು ಇರಬೇಕು. ಹಾಕಿದೆ, ದೀಪ ಹತ್ತಿತು, ನೆಟ್ ಬಂತು. ಆದರೆ ನಮ್ಮ ಪ್ಲಾನ್ 200 ಎಂಬಿಪಿಎಸ್ (ಸೆಕೆಂಡಿಗೆ 200 ಮೆಗಾಬಿಟ್), ಸ್ಪೀಡ್ ಟೆಸ್ಟ್ ಎಷ್ಟು ಸಲ ಮಾಡಿದರೂ 94ರ ಹತ್ತಿರವೇ ನಿಲ್ಲುತ್ತಿತ್ತು.

94 ಎಂಬ ಸಂಖ್ಯೆ ಕಂಡರೆ ಕೇಬಲ್ ಕಡೆ ನೋಡಬೇಕು. 100 ಎಂಬಿಪಿಎಸ್ ಕೊಂಡಿಯಲ್ಲಿ ಅದರದೇ ಲೆಕ್ಕಾಚಾರಕ್ಕೆ ಒಂದಿಷ್ಟು ಹೋಗಿ ನಮಗೆ ಸಿಗುವುದು ಸುಮಾರು ಅಷ್ಟೇ. ವಿಂಡೋಸ್‌ನಲ್ಲಿ ನೆಟ್ ಅಡಾಪ್ಟರ್‌ನ ಸ್ಟೇಟಸ್ ತೆರೆದು ನೋಡಿದರೆ ಹೌದು, ಸ್ಪೀಡ್ 100 ಎಂದೇ ಇತ್ತು, 1 ಗಿಗಾಬಿಟ್ ಅಲ್ಲ. ರೂಟರ್, ಕಂಪ್ಯೂಟರ್ ಎರಡರ ಪೋರ್ಟೂ ಗಿಗಾಬಿಟ್‌ನದೇ. 100ಕ್ಕೆ ನಾಲ್ಕೇ ತಂತಿ ಸಾಕು: 1, 2, 3 ಮತ್ತು 6ನೆಯದು. ಗಿಗಾಬಿಟ್‌ಗೆ ಎಂಟೂ ಬೇಕು. ಹಾಗಾದರೆ ನೀಲಿ ಜೋಡಿಯೋ ಕಂದು ಜೋಡಿಯೋ ತಾಗುತ್ತಿಲ್ಲ, ಅಲ್ವಾ? ಟಾರ್ಚ್ ಹಿಡಿದು ಪ್ಲಗ್ಗಿನ ತುದಿ ನೋಡಿದೆ. ಏಳು ತಂತಿಗಳ ತಾಮ್ರ ಹೊಳೆಯುತ್ತಿತ್ತು. ಕಂದು ತಂತಿ ಒಂದೇ ಒಂದು ಮಿಲಿಮೀಟರ್ ಹಿಂದೆ ಉಳಿದಿತ್ತು.

ಕತ್ತರಿಸಿ ಹೊಸ ಪ್ಲಗ್ ಹಾಕಿದೆ. ಈ ಸಲ ಎಂಟೂ ತಂತಿ ತುದಿ ಮುಟ್ಟಿದ್ದು ನೋಡಿಯೇ ಒತ್ತಿದೆ. ಸ್ಟೇಟಸ್‌ನಲ್ಲಿ 1.0 ಗಿಗಾಬಿಟ್ ಎಂದು ಬಂತು. ರೂಟರ್‌ಗೆ ಪಿಂಗ್ 1 ಮಿಲಿಸೆಕೆಂಡಿನ ಒಳಗೆ, ಒಂದು ಗಂಟೆ ಓಡಿಸಿದರೂ ಅಲ್ಲಾಡಲಿಲ್ಲ. ಡಾಂಗಲ್ ಇನ್ನೂ ಹಾಕಿಯೇ ಇತ್ತು. ವಿಂಡೋಸ್ ತಾನಾಗಿಯೇ ಕೇಬಲ್ ದಾರಿ ಹಿಡಿದಿತ್ತು. ಆದರೂ ಡಾಂಗಲ್ ತೆಗೆದು ಡ್ರಾಯರ್‌ನಲ್ಲಿಟ್ಟೆ. ಎಂದಾದರೂ ಕೇಬಲ್ ಕೈಕೊಟ್ಟರೆ ಬೇಕಾಗುತ್ತದೆ.

ನಿನ್ನೆ 380 ಎಂಬಿಯ ಒಂದು ಪುಸ್ತಕ ಮುಗಿಯಿತು. ಕಳಿಸಲು ಕೂತಾಗ ಗಡಿಯಾರ ನಾಲ್ಕು ತೋರಿಸುತ್ತಿತ್ತು. ಹಾರ್ಡ್ ಡಿಸ್ಕ್ ಗುಂಯ್ ಎಂದಿತು. ಬ್ಯಾಕಪ್ ಅದರ ಪಾಡಿಗೆ ಓಡುತ್ತಿತ್ತು, ಫೈಲ್ ಇಪ್ಪತ್ತು ಸೆಕೆಂಡಿನೊಳಗೆ ಪ್ರೆಸ್ ಸೇರಿತು.